ಕಿವಿರು: ಸೋಸುವುದಲ್ಲ, ತಳ್ಳುವುದು

ಹೊಳೆಯಲ್ಲಿ ಹುಟ್ಟಿ, ಸಮುದ್ರದಲ್ಲಿ ಬೆಳೆದು, ಮೊಟ್ಟೆ ಇಡಲು ಹೊಳೆಗೆ ಮರಳುವ ಸಾಲ್ಮನ್ ಮೀನಿನ ಬಗ್ಗೆ ಕನ್ನಡದಲ್ಲಿ ಯಾರು ಬರೆದರೂ ಒಂದು ಮಾತು ಬಂದೇ ಬರುತ್ತದೆ. ಸಮುದ್ರ ಸೇರಿದ ಮೇಲೆ ಅದರ ಕಿವಿರು, ಅಂದರೆ ಉಸಿರಾಡುವ ಅಂಗ, ಉಪ್ಪನ್ನು ಸೋಸುತ್ತದಂತೆ. ಈ ವಾರ ಮತ್ತೆ ಓದಿದೆ, ಅದೂ ಮಕ್ಕಳಿಗೆಂದು ಬರೆದದ್ದರಲ್ಲಿ. ಇಲ್ಲ, ಕಿವಿರು ಉಪ್ಪನ್ನು ಸೋಸುವುದಿಲ್ಲ. 'ಸಮುದ್ರ ಸೇರಿದ ಮೇಲೆ' ಅನ್ನುವುದೂ ತಪ್ಪು, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಪದ. ಸಕಲೇಶಪುರದಲ್ಲಿ, ಶಿರಾಡಿ ಘಾಟಿ ಹತ್ತಿ ಬಂದ ಬಂಗುಡೆ ಕೊಳ್ಳುವಾಗ ನಾವು 'ಕಿವಿ ಎತ್ತಿ ತೋರ್ಸಪ್ಪ' ಅಂತೀವಿ. ಕೆಂಪಗಿದ್ದರೆ ತಾಜಾ. ಎತ್ತುವುದು ಮುಚ್ಚಳ, ಕೆಳಗೆ ಕಾಣುವ ಕೆಂಪು ಎಳೆಗಳೇ ಕಿವಿರು. ಕಿವಿ ಇರಬೇಕಾದ ಜಾಗದಲ್ಲಿ ಇದೆ, ಹೆಸರೂ ಹಾಗೇ ಕೇಳಿಸುತ್ತದೆ. ತಮಿಳಿನಲ್ಲೂ ಇದೇ ಜೋಡಿ: ಕಿವಿಗೆ ಚೆವಿ, ಕಿವಿರಿಗೆ ಚೆವುಳ್. ನಮ್ಮ 'ಕ' ಅಕ್ಕಪಕ್ಕದ ಭಾಷೆಗಳಲ್ಲಿ 'ಚ' ಆಗುವುದು ಹಳೆಯ ರೂಢಿ. ತೆಲುಗಿನವರಿಗೆ ಕಿವಿ ಚೆವಿ, ಕೆರೆ ಚೆರುವು, ಕೈ ಚೇಯಿ. ಕನ್ನಡ ಆ 'ಕ'ವನ್ನು ಬಿಡದೆ ಇಟ್ಟುಕೊಂಡಿದೆ, ಅದು ನನಗೆ ತುಂಬ ಇಷ್ಟ. ಆದರೆ ಕಿವಿರಿಗೂ ಕೇಳುವುದಕ್ಕೂ ಸಂಬಂಧ ಇಲ್ಲ. ಮೀನಿನ ನಿಜವಾದ ಕಿವಿ ತಲೆಬುರುಡೆಯ ಒಳಗಿದೆ, ಹೊರಗೆ ಕಾಣುವುದಿಲ್ಲ.

ಇನ್ನು 'ಸೋಸು'. ಈ ತಪ್ಪು ಎಲ್ಲಿಂದ ಬಂತು ಅಂತ ಊಹಿಸಬಹುದು. ಬೂತಾಯಿ ಮೀನಿನ ಮುಚ್ಚಳ ಎತ್ತಿದರೆ ಕೆಂಪು ಎಳೆಗಳ ಎದುರು ಬದಿಗೆ, ಬಾಯಿಯ ಕಡೆಗೆ, ಬಾಚಣಿಗೆ ಹಲ್ಲಿನಂಥ ಇನ್ನೊಂದು ಸಾಲು ಕಾಣುತ್ತದೆ. ಅದು ಸೋಸುತ್ತದೆ ನಿಜ. ಆದರೆ ಸೋಸುವುದು ನೀರಿನಲ್ಲಿ ತೇಲುವ ಆಹಾರವನ್ನು, ಉಪ್ಪನ್ನಲ್ಲ. ಉಪ್ಪು ನೀರಿನಲ್ಲಿ ಕರಗಿರುತ್ತದೆ, ಹಲ್ಲಿಗೆ ಸಿಗುವುದಿಲ್ಲ.

ಕಾಫಿ ಫಿಲ್ಟರ್ ನೋಡಿ. ಪುಡಿ ಮೇಲೆ ಉಳಿಯುತ್ತದೆ, ಡಿಕಾಕ್ಷನ್ ತಾನಾಗಿ ಇಳಿಯುತ್ತದೆ, ಕರೆಂಟು ಬೇಡ. ಅದು ಸೋಸುವುದು. ಕಾಫಿ ಹೂ ಅರಳಿಸುವ ಹೂಮಳೆ ಬಾರದ ವರ್ಷ ಕೆರೆಯ ನೀರನ್ನು ತೋಟದ ಸ್ಪ್ರಿಂಕ್ಲರ್‌ಗೆ ಏರಿಸುತ್ತೀವಲ್ಲ, ಅದಕ್ಕೆ ಮೋಟಾರು ಬೇಕು, ಡೀಸೆಲ್ ಸುಡಬೇಕು, ಏಕೆಂದರೆ ನೀರನ್ನು ಅದು ತಾನಾಗಿ ಹೋಗದ ಕಡೆಗೆ ತಳ್ಳುತ್ತಿದ್ದೀವಿ. ಸಮುದ್ರದಲ್ಲಿ ಸಾಲ್ಮನ್‌ನ ಕಿವಿರು ಮಾಡುವುದು ಈ ಎರಡನೆಯ ಕೆಲಸ.

ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು. ಮೀನಿನ ರಕ್ತದಲ್ಲಿ ಹೆಚ್ಚುಕಡಿಮೆ ಅದರ ಮೂರನೇ ಒಂದು ಭಾಗ. ಹಾಗಾಗಿ ಮೈಯೊಳಗಿನ ನೀರು ಹೊರಗೆ ಜಾರುತ್ತಲೇ ಇರುತ್ತದೆ. ಮೀನು ಬಾಯಾರಿ ಸಮುದ್ರದ ನೀರನ್ನೇ ಕುಡಿಯುತ್ತದೆ, ಕರುಳು ನೀರಿನ ಜೊತೆ ಉಪ್ಪನ್ನೂ ಹೀರುತ್ತದೆ, ಹಾಗೆ ರಕ್ತಕ್ಕೆ ಸೇರಿದ ಉಪ್ಪನ್ನು ಕಿವಿರು ಒಳಗಿನಿಂದ ಹೊರಕ್ಕೆ ತಳ್ಳುತ್ತದೆ, ಅದೂ ತನಗಿಂತ ಮೂರು ಪಟ್ಟು ಉಪ್ಪಾದ ನೀರಿಗೆ. ಜರಡಿಯಾಗಿದ್ದರೆ ಉಪ್ಪು ಒಳಗೇ ಬರುತ್ತಿರಲಿಲ್ಲ ಅಲ್ವಾ? ಹೊಳೆಯಲ್ಲಿ ಎಲ್ಲ ತಿರುಗುಮುರುಗು. ಅಲ್ಲಿ ನೀರು ಬೇಡವೆಂದರೂ ಒಳಗೆ ನುಗ್ಗುತ್ತದೆ, ಉಪ್ಪು ಸೋರಿಹೋಗುತ್ತದೆ. ಮೀನು ತೆಳುವಾದ ಮೂತ್ರವನ್ನು ಜಾಸ್ತಿ ಹೊಯ್ಯುತ್ತದೆ, ಕಿವಿರು ಸಿಕ್ಕಷ್ಟು ಉಪ್ಪನ್ನು ಒಳಗೆಳೆಯುತ್ತದೆ.

ಈ ಕೆಲಸಕ್ಕೆ ಕಿವಿರಿನಲ್ಲಿ ಬೇರೆಯೇ ಕೋಶಗಳಿವೆ. 1932ರಲ್ಲಿ ಕೀಸ್ ಮತ್ತು ವಿಲ್ಮರ್ ಎಂಬಿಬ್ಬರು ಹಾವುಮೀನಿನ ಕಿವಿರಿನಲ್ಲಿ ಇವನ್ನು ಗುರುತಿಸಿ ಬರೆದರು. ಕೋಶದ ತುಂಬ ಮೈಟೊಕಾಂಡ್ರಿಯ, ಅಂದರೆ ಇಂಧನ ಒದಗಿಸುವ ಮನೆಗಳು. ಜೊತೆಗೆ ಸೋಡಿಯಂ ಪಂಪ್, ಸೋಡಿಯಂ ಅಂದರೆ ಉಪ್ಪಿನ ಒಂದು ಅಂಶ. ಈ ಪಂಪು ಒಂದು ಸುತ್ತಿಗೆ 3 ಸೋಡಿಯಂ ಕಣಗಳನ್ನು ಕೋಶದಿಂದ ಹೊರಗೆ ಹಾಕಿ 2 ಪೊಟ್ಯಾಸಿಯಂ ಕಣಗಳನ್ನು ಒಳಗೆ ತರುತ್ತದೆ. ನಮ್ಮ ನರಗಳಲ್ಲಿರುವುದೂ ಇಂಥದೇ ಪಂಪು. 1957ರಲ್ಲಿ ಇದನ್ನು ತೋರಿಸಿದ ಡೆನ್ಮಾರ್ಕಿನ ಯೆನ್ಸ್ ಸ್ಕೌ ಅವರಿಗೆ 1997ರಲ್ಲಿ ನೊಬೆಲ್ ಬಂತು. ಸಾಲ್ಮನ್‌ನಲ್ಲಿ ಈ ಪಂಪಿನ ಎರಡು ರೂಪಗಳಿವೆ. ಸಮುದ್ರದ ದಾರಿ ಹಿಡಿಯುವ ಹೊತ್ತಿಗೆ ಸಿಹಿನೀರಿನ ರೂಪ ಕಡಿಮೆಯಾಗುತ್ತಾ ಉಪ್ಪುನೀರಿನದು ಹೆಚ್ಚುತ್ತದೆ. 'ಕಿವಿರು ಬದಲಾಗುತ್ತದೆ' ಅಂತ ಕೆಲವರು ಹೇಳುವುದರ ಅರ್ಥ ಇಷ್ಟೇ. ಹಳೆಯದು ಉದುರಿ ಹೊಸದು ಹುಟ್ಟುವುದಿಲ್ಲ. ಉಸಿರಾಟ ಅದೇ ಎಳೆಗಳಲ್ಲಿ ಮುಂಚಿನಂತೆಯೇ ನಡೆಯುತ್ತದೆ.

ಮತ್ತೆ, ಇದು ಸಮುದ್ರ ಮುಟ್ಟಿದ ಮೇಲೆ ಶುರುವಾಗುವ ಕೆಲಸ ಅಲ್ಲ. ಮರಿ ಇನ್ನೂ ಹೊಳೆಯಲ್ಲಿರುವಾಗಲೇ, ವಸಂತದಲ್ಲಿ ಹಗಲು ಉದ್ದವಾದಂತೆ, ಕಾರ್ಟಿಸಾಲ್ ಮತ್ತು ಬೆಳವಣಿಗೆಯ ಹಾರ್ಮೋನು ಏರುತ್ತವೆ. ಮೈಮೇಲಿನ ಪಟ್ಟೆ ಮಾಸಿ ಬೆಳ್ಳಿ ಬಣ್ಣ ಬರುತ್ತದೆ, ಕಿವಿರಿನಲ್ಲಿ ಉಪ್ಪುನೀರಿನ ಪಂಪುಗಳು ಮೊದಲೇ ಸಜ್ಜಾಗುತ್ತವೆ. ಆಗ ಸಮುದ್ರಕ್ಕೆ ಬಿಡದೆ ಹೊಳೆಯಲ್ಲೇ ತಡೆದರೆ ಆ ಸಿದ್ಧತೆ ಕಳಚಿಹೋಗಿ ಮೀನು ಮತ್ತೆ ಸಿಹಿನೀರಿಗೆ ಹೊಂದಿಕೊಳ್ಳುತ್ತದೆ. ಅಣೆಕಟ್ಟಿನ ಹಿಂದೆ ತಡವಾಗುವ ಮರಿಗಳಿಗೆ ಇದು ದೊಡ್ಡ ಕುತ್ತು.

ಇದನ್ನು ಹೇಳಿದಾಗ ನಮ್ಮ ಕಡೆ ಕೆಲವರು 'ನಮ್ಮ ಹತ್ತುಮೀನಿನ ಥರಾನೇ' ಅನ್ನುತ್ತಾರೆ. ಮೊಟ್ಟೆ ಇಡಲು ಎದುರು ನೀರಿಗೆ ಹತ್ತುವುದು ಸರಿಯೇ, ಅದರಲ್ಲಿ ಎರಡೂ ಒಂದೇ. ಆದರೆ ಮೊದಲ ಮಳೆಗೆ ಹಳ್ಳದಿಂದ ಗದ್ದೆಗೆ ಹತ್ತುವ ಮೀನಿಗೆ ಹಿಂದೆಯೂ ಸಿಹಿನೀರು, ಮುಂದೆಯೂ ಸಿಹಿನೀರು. ಅದರ ಕಿವಿರು ಪಂಪು ಬದಲಿಸಬೇಕಿಲ್ಲ.