ಜಾಝ್‌ನಲ್ಲಿ ಟ್ಯೂನ್ ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ಜಾಝ್ ಕೇಳೋಕೆ ಕೂತರೆ ಮೊದಲ ಒಂದು ನಿಮಿಷ ಚೆನ್ನಾಗಿರುತ್ತೆ. ಆಮೇಲೆ ಟ್ಯೂನ್ ಎಲ್ಲೋ ಹೋಗಿಬಿಡುತ್ತೆ. ಏನನ್ನು ಹಿಡಿದುಕೊಂಡು ಕೇಳಬೇಕು?

ಬೇಸ್ ಹಿಡಿದುಕೊಳ್ಳಿ. ಆಳೆತ್ತರದ, ನಿಂತು ಬೆರಳಲ್ಲಿ ಮೀಟುವ ವಾದ್ಯ ಅದು. ಫೋನ್ ಸ್ಪೀಕರ್‌ನಲ್ಲಿ ಅದು ಸರಿಯಾಗಿ ಕೇಳಿಸುವುದಿಲ್ಲ, ಇಯರ್‌ಫೋನ್ ಹಾಕಿಕೊಳ್ಳಿ. ಹೊಸಬರು ಜಾಸ್ತಿ ಸೋಲುವುದು ಇಲ್ಲೇ ಅಂತ ನನಗನ್ನಿಸುತ್ತದೆ.

ಜಾಝ್‌ನಲ್ಲಿ ಹೆಚ್ಚಿನ ಪಾಲು ಆಗಿಂದಾಗ ಹುಟ್ಟುವ ಸಂಗೀತ. ನಮ್ಮ ಕಚೇರಿಯಲ್ಲಿ ಕಲ್ಪನಾಸ್ವರ ಕೇಳಿದವರಿಗೆ ಅದು ಹೊಸದಲ್ಲ, ಅಲ್ವಾ? ಆದರೆ ನಮ್ಮ ಕಿವಿಗೆ ತಂಬೂರಿ ಅಭ್ಯಾಸವಾಗಿದೆ. ಮೂರು ಗಂಟೆ ಕಚೇರಿ ನಡೆದರೂ ಷಡ್ಜ ಅಲುಗುವುದಿಲ್ಲ. ಜಾಝ್‌ನಲ್ಲಿ ಆ ಆಧಾರವೇ ಜಾಗ ಬದಲಿಸುತ್ತಿರುತ್ತದೆ. ಅದಕ್ಕೇ ದಾರಿ ತಪ್ಪುತ್ತದೆ. ಅದು ಈಗ ಎಲ್ಲಿದೆ ಅಂತ ಹೇಳುವುದು ಬೇಸ್.

ಹಾಗಾಗಿ ಆಧಾರ ತೀರಾ ಕಡಿಮೆ ಅಲುಗುವ ಒಂದು ಟ್ಯೂನಿನಿಂದ ಶುರು ಮಾಡಿ. ಮೈಲ್ಸ್ ಡೇವಿಸ್ 1959ರಲ್ಲಿ ನ್ಯೂಯಾರ್ಕ್‌ನಲ್ಲಿ ರೆಕಾರ್ಡ್ ಮಾಡಿದ 'ಕೈಂಡ್ ಆಫ್ ಬ್ಲೂ' ಆಲ್ಬಮ್‌ನ ಮೊದಲನೆಯದು, 'ಸೋ ವಾಟ್'. ಒಂಬತ್ತು ನಿಮಿಷ ಚಿಲ್ಲರೆ. ಶುರುವಿನ ಅರ್ಧ ನಿಮಿಷ ಮೆಲ್ಲಗೆ ಹೋಗುತ್ತದೆ. ಆಮೇಲೆ ಪಾಲ್ ಚೇಂಬರ್ಸ್ ಬೇಸ್‌ನಲ್ಲಿ ಒಂದು ಮಾತು ಕೇಳುತ್ತಾರೆ, ಉಳಿದವರು ಎರಡೇ ಸ್ವರದಲ್ಲಿ ಉತ್ತರ ಕೊಡುತ್ತಾರೆ. ಟ್ಯೂನ್ ಇಷ್ಟೇ.

ಈಗ ಎಣಿಸಿ. ನಾಲ್ಕು ಎಣಿಕೆಗೆ ಒಂದು ಬಾರ್. 16 ಬಾರ್ ಒಂದೇ ನೆಲೆಯಲ್ಲಿ ನಡೆಯುತ್ತದೆ. ಮುಂದಿನ 8 ಬಾರ್‌ಗೆ ಎಲ್ಲವೂ ಅರ್ಧ ಸ್ವರ ಮೇಲೇರುತ್ತದೆ, ಷಡ್ಜವನ್ನೇ ಎತ್ತಿ ಶುದ್ಧ ರಿಷಭದ ಮೇಲೆ ಇಟ್ಟ ಹಾಗೆ. ಕೊನೆಯ 8 ಬಾರ್ ಮತ್ತೆ ಹಳೇ ಜಾಗ. ಎರಡೂ ಕಡೆ ಸ್ವರಗಳು ನಮ್ಮ ಖರಹರಪ್ರಿಯದವೇ, ಗಮಕ ಇಲ್ಲ ಅಷ್ಟೇ. ಈ 32 ಬಾರ್‌ಗೆ ಹತ್ತಿರ ಹತ್ತಿರ ಒಂದು ನಿಮಿಷ. ಟ್ಯೂನ್ ನಿಂತ ಮೇಲೂ ಇದೇ ಸುತ್ತು ತಿರುಗುತ್ತಿರುತ್ತದೆ, ಅದರ ಮೇಲೆ ಒಬ್ಬೊಬ್ಬರಾಗಿ ಆಗಿಂದಾಗ ಹೊಸದನ್ನು ಕಟ್ಟಿ ನುಡಿಸುತ್ತಾರೆ. ಟ್ರಂಪೆಟ್‌ನಲ್ಲಿ ಡೇವಿಸ್ ಎರಡು ಸುತ್ತು, ಸ್ಯಾಕ್ಸೋಫೋನ್‌ನಲ್ಲಿ ಜಾನ್ ಕೋಲ್ಟ್ರೇನ್ ಎರಡು, ಕ್ಯಾನನ್‌ಬಾಲ್ ಆಡರ್ಲಿ ಎರಡು, ಪಿಯಾನೋದಲ್ಲಿ ಬಿಲ್ ಇವಾನ್ಸ್ ಒಂದು. ಕೊನೆಗೆ ಟ್ಯೂನ್ ವಾಪಸ್ ಬರುತ್ತದೆ.

ಮೊದಲ ಕೆಲವು ಸಲ ಆ ಅರ್ಧ ಸ್ವರದ ಏರಿಕೆಗೆ ಮಾತ್ರ ಕಾಯಿರಿ. ಬೇರೇನೂ ಬೇಡ. ಅದು ಬಂದಾಗ ಮೈ ಸ್ವಲ್ಪ ನೆಟ್ಟಗಾಗುತ್ತದೆ, ಇಳಿದಾಗ ಹಗುರಾಗುತ್ತದೆ. ಆ ಸುಖ ಸಿಕ್ಕಿದ ಮೇಲೆ ಕೋಲ್ಟ್ರೇನ್ ಅದನ್ನು ಹೇಗೆ ದಾಟುತ್ತಾರೆ, ಇವಾನ್ಸ್ ಹೇಗೆ ದಾಟುತ್ತಾರೆ ಅಂತ ಕಿವಿ ತಾನಾಗಿ ಹುಡುಕುತ್ತದೆ.

ಆಮೇಲೆ ಅದೇ ಆಲ್ಬಮ್‌ನ ಎರಡನೆಯದು, 'ಫ್ರೆಡ್ಡಿ ಫ್ರೀಲೋಡರ್'. ಅಲ್ಲಿ ಸುತ್ತು 12 ಬಾರ್‌ಗೇ ಮುಗಿಯುತ್ತದೆ, ಆಧಾರವೂ ಬೇಗ ಬೇಗ ಸರಿಯುತ್ತದೆ. ನಡುವೆ ಮನೆ ನೆನಪಾದರೆ 1983ರ 'ಜ್ಯೋತಿ' ಹಾಕಿ. ಬೆಂಗಳೂರಿನ ಆರ್.ಎ. ರಮಾಮಣಿ ಹಾಡಿದ್ದಾರೆ, ಕರ್ನಾಟಕ ಕಾಲೇಜ್ ಆಫ್ ಪರ್ಕಶನ್‌ನವರು ತಾಳವಾದ್ಯ ನುಡಿಸಿದ್ದಾರೆ, ಜೊತೆಗೆ ಅಮೆರಿಕದ ಚಾರ್ಲಿ ಮರಿಯಾನೋ ಅವರ ಸ್ಯಾಕ್ಸೋಫೋನ್.