ಹೋಟೆಲ್ ಅನ್ನಕ್ಕೆ ಸೋಡಾ ಹಾಕ್ತಾರಾ?

ಪ್ರಶ್ನೆ: ನಮ್ಮ ಏರಿಯಾದ ಹೋಟೆಲಲ್ಲಿ ಊಟ ಮಾಡಿದರೆ ಅರ್ಧಕ್ಕೇ ಹೊಟ್ಟೆ ತುಂಬಿಬಿಡುತ್ತೆ. ಮನೇಲಿ ಇದರ ಎರಡರಷ್ಟು ತಿಂತೀನಿ. ಗಿರಾಕಿಗಳು ಜಾಸ್ತಿ ತಿನ್ನಬಾರದು ಅಂತ ಅನ್ನಕ್ಕೆ ಸೋಡಾ ಹಾಕ್ತಾರಂತೆ, ನಿಜಾನಾ?

ಉತ್ತರ: ಇಲ್ಲ.

ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಇದು ಮುಗಿಯುವ ಪ್ರಶ್ನೆಯೇ ಅಲ್ಲ. ಉಪ್ಪಿನಕಾಯಿಗೆ ಬೂಷ್ಟು ಬಂತು ಅನ್ನುವುದು ಮಳೆಗಾಲದ ಪ್ರಶ್ನೆ. ಇಡ್ಲಿ ಹಿಟ್ಟು ಉಬ್ಬಲಿಲ್ಲ ಅನ್ನುವುದು ಚಳಿಗಾಲದ್ದು. ಸೋಡಾ ಪ್ರಶ್ನೆಗೆ ಮಾತ್ರ ಸೀಸನ್ನೇ ಇಲ್ಲ. ಕೆಲವರು ಸೋಡಾ ಬಿಟ್ಟು ಸುಣ್ಣ ಅನ್ನುತ್ತಾರೆ. ಕೆಲವರು ಹೋಟೆಲ್ ಬಿಟ್ಟು ಹಾಸ್ಟೆಲ್ ಅನ್ನುತ್ತಾರೆ. ಕಣ್ಣಾರೆ ನೋಡಿದ್ದು ಯಾರು ಅಂದರೆ ಭಾವನ ಸ್ನೇಹಿತರು. ಆ ಸ್ನೇಹಿತರನ್ನು ಕೇಳಿದರೆ ಅವರಿಗೆ ಹೇಳಿದ್ದು ಇನ್ಯಾರೋ.

ಅನ್ನಕ್ಕೆ ಸೋಡಾ ಹಾಕಿದರೆ ಏನಾಗುತ್ತದೆ ಅಂತ ಇವರಲ್ಲಿ ಯಾರೂ ಮಾಡಿ ನೋಡಿಲ್ಲ. ದೊಡ್ಡ ಕೆಲಸವೇನಲ್ಲ. ಎರಡು ಚಿಕ್ಕ ಡಬ್ಬಿ ತಗೊಳ್ಳಿ. ಎರಡಕ್ಕೂ ಅದೇ ಅಕ್ಕಿ ಅರ್ಧರ್ಧ ಲೋಟ, ಒಂದೇ ಅಳತೆ ನೀರು. ಒಂದಕ್ಕೆ ಮಾತ್ರ ಕಾಲು ಚಮಚ ಅಡುಗೆ ಸೋಡಾ. ಎರಡನ್ನೂ ಒಂದೇ ಕುಕ್ಕರಿನಲ್ಲಿಟ್ಟು ಬೇಯಿಸಿ. ಮುಚ್ಚಳ ತೆಗೆದಾಗ ಯಾವುದಕ್ಕೆ ಸೋಡಾ ಹಾಕಿದ್ದೆ ಅಂತ ನೆನಪಿಟ್ಟುಕೊಳ್ಳುವ ಅಗತ್ಯವೇ ಇರುವುದಿಲ್ಲ. ಸೋಡಾ ಬಿದ್ದ ಅನ್ನ ಹಳದಿಗೆ ತಿರುಗಿರುತ್ತದೆ. ಅಗುಳು ಒಡೆದು ಒಂದಕ್ಕೊಂದು ಅಂಟಿರುತ್ತದೆ. ಬಾಯಿಗಿಟ್ಟರೆ ಸೋಪಿನ ರುಚಿ. ಹೋಟೆಲಿನ ಅನ್ನ ಹೀಗಿರುತ್ತದಾ? ಅದು ಬೆಳ್ಳಗೆ, ಉದುರುದುರಾಗಿ ಇರುತ್ತದೆ. ಎಷ್ಟೋ ಜನರ ಅನುಮಾನಕ್ಕೆ ಅದೇ ಕಾರಣ.

ಬೆಳ್ಳಗಿದೆ, ಅದಕ್ಕೇ ಸೋಡಾ ಅನ್ನುವುದು ಪೂರ್ತಿ ತಲೆಕೆಳಗಾದ ವಾದ. ಸೋಡಾ, ಸುಣ್ಣ ಎರಡೂ ಕ್ಷಾರ. ಅಕ್ಕಿಯಲ್ಲಿ ಕಣ್ಣಿಗೆ ಕಾಣದ ಕೆಲವು ಬಣ್ಣದ ಅಂಶಗಳಿವೆ. ಕ್ಷಾರ ತಗುಲಿದರೆ ಅವು ಹಳದಿಯಾಗುತ್ತವೆ, ಹುಳಿ ತಗುಲಿದರೆ ಬಣ್ಣ ಬಿಡದೆ ಸುಮ್ನಿರುತ್ತವೆ. ಬೆಳ್ಳಗೆ ಬೇಕು ಅನ್ನುವ ಅಡುಗೆಯವರು ಕುದಿಯುವ ನೀರಿಗೆ ನಾಲ್ಕು ಹನಿ ನಿಂಬೆರಸ ಹಿಂಡುತ್ತಾರೆ. ಸೋಡಾ ಡಬ್ಬಿಯ ಹತ್ತಿರವೂ ಹೋಗುವುದಿಲ್ಲ.

ಇಲ್ಲಿಗೆ ಬಂದಾಗ ಕೆಲವರು ದಾರಿ ಬದಲಿಸುತ್ತಾರೆ. "ಬಣ್ಣ ಬಿಡಿ ಸಾರ್, ಹೊಟ್ಟೆಯಲ್ಲಿ ಗ್ಯಾಸ್ ಆಗಿ ಉಬ್ಬರಿಸುತ್ತೆ." ಸೋಡಾ ಬಿಸಿ ನೀರಿನಲ್ಲಿ ಕುದಿದರೆ ಅದರಲ್ಲಿರುವ ಗ್ಯಾಸಿನ ಅರ್ಧ ಭಾಗ ಅಡುಗೆಮನೆಯಲ್ಲೇ ಹಬೆಯ ಜೊತೆ ಹೋಗಿಬಿಡುತ್ತದೆ. ಉಳಿದ ಅರ್ಧದಿಂದ ನಿಮ್ಮ ಹೊಟ್ಟೆ ಉಬ್ಬಬೇಕು ಅಂದರೆ ಎಷ್ಟು ಸೋಡಾ ಸುರಿಯಬೇಕು? ಅಷ್ಟು ಸುರಿದರೆ ಮೊದಲ ತುತ್ತಿಗೇ ತಟ್ಟೆ ತಳ್ಳಿ ಎದ್ದು ಹೋಗುತ್ತೀರಿ. ಗೊತ್ತಾಗದಷ್ಟು ಕಡಿಮೆ ಹಾಕಿದರೆ ಹೊಟ್ಟೆಯೂ ತುಂಬುವುದಿಲ್ಲ. ಈ ಎರಡರ ನಡುವೆ ಹೋಟೆಲಿನವರಿಗೆ ಲಾಭದ ಜಾಗವೇ ಇಲ್ಲ.

ಅನುಮಾನ ಆಗಲೂ ಹೋಗದಿದ್ದರೆ ಸಾರು ಹಾಕಿಸಿಕೊಳ್ಳುವ ಮುಂಚೆ ಬಿಳಿ ಅನ್ನದ ಮೇಲೆ ಒಂದು ಚಿಟಿಕೆ ಅರಿಶಿನ ಉದುರಿಸಿ ಕಲಸಿ. ಆರತಿ ನೀರಿಗೆ ಅರಿಶಿನದ ಜೊತೆ ಸುಣ್ಣ ಹಾಕಿದರೆ ಕೆಂಪಾಗುತ್ತದಲ್ಲ? ಬಿಳಿ ಅಂಗಿಯ ಮೇಲಿನ ಸಾಂಬಾರ್ ಕಲೆ ಸೋಪು ಹಚ್ಚಿದ ಕೂಡಲೇ ಕೆಂಪಾಗುವುದೂ ಇದೇ ಕಾರಣಕ್ಕೆ. ಧಾರಾಳವಾಗಿ ಸೋಡಾ ಸುರಿದಿದ್ದರೆ ಅನ್ನವೂ ಹಾಗೇ ಕೆಂಪಾಗಬೇಕು. ಸಪ್ಲೈಯರ್ ವಿಚಿತ್ರವಾಗಿ ನೋಡುತ್ತಾರೆ, ಅದಕ್ಕೆ ನಾನು ಜವಾಬ್ದಾರನಲ್ಲ.

ಇನ್ನು ದುಡ್ಡಿನ ಲೆಕ್ಕ. ಊಟದ ತಟ್ಟೆಯಲ್ಲಿ ತೀರಾ ಅಗ್ಗದ ವಸ್ತುಗಳಲ್ಲಿ ಅನ್ನವೂ ಒಂದು. ಹೋಟೆಲ್ ನಡೆಸುವವರ ನಿದ್ದೆ ಕೆಡಿಸುವುದು ಬಾಡಿಗೆ, ಸಂಬಳ, ಎಣ್ಣೆ, 19 ಕೆಜಿಯ ಕಮರ್ಷಿಯಲ್ ಸಿಲಿಂಡರ್. ತರಕಾರಿ ರೇಟು ಏರಿದ ವಾರ ಪಲ್ಯದಲ್ಲಿ ಬೀನ್ಸ್ ಹೋಗಿ ಎಲೆಕೋಸು ಬರುತ್ತದೆ, ಗಮನಿಸಿರುತ್ತೀರಿ. ನೀವು ಇನ್ನೊಂದು ಸೌಟು ಅನ್ನ ಕೇಳಿದರೆ ಯಾರೂ ಮುಳುಗುವುದಿಲ್ಲ. ಅದೂ ಅಲ್ಲದೆ, ಈಗ ಏರಿಯಾ ಹೋಟೆಲುಗಳಲ್ಲಿ ಹೆಚ್ಚಾಗಿ ಸಿಗುವುದು ಪ್ಲೇಟ್ ಮೀಲ್ಸ್. ಅನ್ನವನ್ನು ಬಟ್ಟಲಲ್ಲಿ ಒತ್ತಿ ತಟ್ಟೆಗೆ ಕವುಚುತ್ತಾರೆ. ಅಳತೆ ಮಾಡಿಯೇ ಕೊಡುವ ಅನ್ನಕ್ಕೆ, ನೀವು ಜಾಸ್ತಿ ತಿನ್ನಬಾರದು ಅಂತ ಸೋಡಾ ಯಾಕೆ ಹಾಕಬೇಕು ಹೇಳಿ?

ಹಾಗಾದರೆ ಆ ಉದುರುದುರು ಅನ್ನದ ಗುಟ್ಟೇನು? ಹಳೆ ಅಕ್ಕಿ ಮತ್ತು ಬಸಿಯುವುದು, ಅಷ್ಟೇ. ಹೊಸ ಅಕ್ಕಿ ಮುದ್ದೆಯಾಗುತ್ತದೆ. ಹಳೆಯದು ನೀರು ಕುಡಿದು ಚೆನ್ನಾಗಿ ಅರಳುತ್ತದೆ, ಜಾಸ್ತಿ ಜನಕ್ಕೆ ಒದಗುತ್ತದೆ. ಅದಕ್ಕೇ ಹೋಟೆಲಿನವರು ಹಳೆ ಸೋನಾ ಮಸೂರಿ ಅಥವಾ ಸ್ಟೀಮ್ ಅಕ್ಕಿ ಹುಡುಕುತ್ತಾರೆ. ದೊಡ್ಡ ಪಾತ್ರೆಯಲ್ಲಿ ಧಾರಾಳ ನೀರು ಕುದಿಸಿ ಅಕ್ಕಿ ಹಾಕುತ್ತಾರೆ. ಅಡುಗೆ ಭಟ್ಟರು ಸೌಟಿನಿಂದ ನಾಲ್ಕು ಅಗುಳು ತೆಗೆದು ಹೆಬ್ಬೆರಳಿನಲ್ಲಿ ಒತ್ತಿ ನೋಡುತ್ತಾರೆ. ಅಗುಳಿನ ನಡುವೆ ಸಾಸಿವೆಗಿಂತ ಚಿಕ್ಕ ಬಿಳಿ ಚುಕ್ಕೆ ಇನ್ನೂ ಕಾಣುತ್ತಿರುವಾಗಲೇ ಗಂಜಿ ಬಸಿದು ಮುಚ್ಚಿಡುತ್ತಾರೆ. ಆ ಚುಕ್ಕೆ ಒಳಗಿನ ಬಿಸಿಯಲ್ಲೇ ಬೇಯುತ್ತದೆ. ಅಂಟು ಗಂಜಿಯ ಜೊತೆ ಹೋಗಿರುತ್ತದೆ. ಮನೆಯಲ್ಲಿ ನಾವು ಕುಕ್ಕರ್ ಇಟ್ಟು ಫೋನ್ ಹಿಡಿದು ಕೂತಿರುತ್ತೇವೆ, ವಿಶಲ್ ಎಷ್ಟು ಬಂತು ಅಂತ ಪಕ್ಕದ ಮನೆಯವರಿಗೆ ಗೊತ್ತಿರುತ್ತದೆ.

ನಿಮ್ಮ ಹೊಟ್ಟೆ ಬೇಗ ತುಂಬುವುದು ಸುಳ್ಳಲ್ಲ. ಆದರೆ ನೀವು ಅನ್ನಕ್ಕೆ ಬರುವ ಹೊತ್ತಿಗೆ ಏನೇನು ತಿಂದಿರುತ್ತೀರಿ ನೋಡಿ. ಎಣ್ಣೆ ಕುಡಿದ ಎರಡು ಪೂರಿ, ಸಾಗು, ಒಂದು ಬಟ್ಟಲು ಪಾಯಸ, ರೈಸ್‌ಬಾತ್, ಹಪ್ಪಳ. ಕೂತ ತಕ್ಷಣ ಒಂದು ಲೋಟ ನೀರು. ಭಾನುವಾರವಾದರೆ ಕುರ್ಚಿಯ ಹಿಂದೆ ಮುಂದಿನ ಫ್ಯಾಮಿಲಿ ನಿಂತಿರುತ್ತದೆ, ಅವರ ಮಗು ನಿಮ್ಮ ತಟ್ಟೆಯನ್ನೇ ನೋಡುತ್ತಿರುತ್ತದೆ. ನೀವು ಗಬಗಬ ನುಂಗುತ್ತೀರಿ. ಇಷ್ಟಾದ ಮೇಲೆ ಅನ್ನ ಇಳಿಯಲಿಲ್ಲ ಅಂತ ಸೋಡಾದ ಮೇಲೆ ದೂರು. ಊಟವಾದ ಮೇಲೆ ವಿಪರೀತ ಬಾಯಾರಿಕೆ ಅನ್ನುವವರಿಗೂ ಇದೇ ಉತ್ತರ. ಸಾಂಬಾರ್, ರಸಂ, ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆ, ಎಲ್ಲದರಲ್ಲೂ ಉಪ್ಪಿದೆ. ಅದು ಎಲ್ಲಿಗೆ ಹೋಗಬೇಕು?

ಹೋಟೆಲಲ್ಲಿ ಸೋಡಾವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಇದೆ, ಅದು ಬೇಕಾದ ಕಡೆ ಇದೆ. ಗೋಳಿಬಜೆ, ಮಂಗಳೂರು ಬನ್ಸ್, ಬೋಂಡಾಗಳಿಗೆ ಸೋಡಾ ಬೀಳುತ್ತದೆ. ರವೆ ಇಡ್ಲಿ ಎದ್ದು ನಿಲ್ಲುವುದೇ ಮೊಸರು ಮತ್ತು ಸೋಡಾದ ಮೇಲೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾದಾಗ ಬೆಂಗಳೂರಿನ ಎಂಟಿಆರ್‌ನವರು ರವೆಯಲ್ಲಿ ಇಡ್ಲಿ ಮಾಡಲು ಶುರು ಮಾಡಿದರು ಅಂತ ಹೇಳುತ್ತಾರೆ. ಅದನ್ನು ತುಪ್ಪ ಸುರಿದುಕೊಂಡು ಚಪ್ಪರಿಸಿ ತಿಂದು, ಅಲ್ಲಿಂದಲೇ ಎದ್ದು ಬಂದು ನನ್ನನ್ನು ಅನ್ನದ ಸೋಡಾ ಬಗ್ಗೆ ಕೇಳುತ್ತಾರೆ.

ಹೋಟೆಲ್ ಅಂದಮೇಲೆ ಯಾರೂ ಕೇಳದ ಒಂದು ಪ್ರಶ್ನೆಗೂ ಉತ್ತರ ಹೇಳಿಬಿಡುತ್ತೇನೆ. ಮಧ್ಯಾಹ್ನ ಒಂದು ಗಂಟೆಗೆ ಮಸಾಲೆ ದೋಸೆ ಕೇಳಿದರೆ "ನಾಲ್ಕು ಗಂಟೆ ಮೇಲೆ ಸಾರ್" ಅನ್ನುತ್ತಾರಲ್ಲ, ಯಾಕೆ? ಇದು ನಿಜವಾಗಿ ಕೇಳಬೇಕಾದ ಪ್ರಶ್ನೆ. ಸಪ್ಲೈಯರಿನ ಸೋಮಾರಿತನ ಅಂದುಕೊಂಡು ಜನ ಗೊಣಗುತ್ತಾರೆ.

ದೋಸೆ ಭಟ್ಟರು ಬೆಳಗಿನ ಜಾವವೇ ಕಾವಲಿ ಮುಂದೆ ನಿಂತಿರುತ್ತಾರೆ. ಸಂಜೆಯ ನೂಕುನುಗ್ಗಲಿಗೆ ಮತ್ತೆ ಅವರೇ ನಿಲ್ಲಬೇಕು. ನಡುವೆ ಸಿಗುವ ಮೂರು ಗಂಟೆಯಲ್ಲಿ ಊಟ, ಸ್ನಾನ, ಒಂದು ನಿದ್ದೆ ಆಗಬೇಕು. ಬೆಳಗಿನ ಹಿಟ್ಟು ಅಷ್ಟರಲ್ಲಿ ಹುಳಿ ಹಿಡಿಯುತ್ತಿರುತ್ತದೆ, ಆಲೂಗಡ್ಡೆ ಪಲ್ಯ ತಳ ಕಂಡಿರುತ್ತದೆ. ಚಪಾತಿ ಬೇಯಿಸುವುದಕ್ಕೆ ಅದೇ ಕಾವಲಿ ಬೇಕು. ಮೇಲಾಗಿ ಒಂದು ಟೇಬಲ್ ಮೇಲೆ ಮೂವರು ಊಟ, ಒಬ್ಬರು ದೋಸೆ ಅಂದರೆ ಆ ದೋಸೆಗಾಗಿ ಮೂರೂ ಜನ ಕಾಯುತ್ತಾ ಕೂರುತ್ತಾರೆ, ಹೊರಗೆ ಸಾಲು ಬೆಳೆಯುತ್ತದೆ.

ಇನ್ನೊಂದು ಮಾತು. ನಾಲ್ಕು ಗಂಟೆ ಅಂದರು ಅಂತ ಸರಿಯಾಗಿ ನಾಲ್ಕಕ್ಕೇ ಹೋಗಿ ಕೂರಬೇಡಿ. ಕಾವಲಿ ಬೆರಳು ಗಾತ್ರ ದಪ್ಪದ ಕಬ್ಬಿಣ, ಮೂಲೆ ಮೂಲೆಗೂ ಕಾವು ಏರುವುದಕ್ಕೆ ಹೊತ್ತು ಹಿಡಿಯುತ್ತದೆ. ಮೊದಲ ಒಬ್ಬೆ ನಡುವೆ ಕಪ್ಪು, ಅಂಚಿನಲ್ಲಿ ಬಿಳಿ. ಭಟ್ಟರು ನೀರು ಚಿಮುಕಿಸಿ, ಪೊರಕೆಯಲ್ಲಿ ಗುಡಿಸಿ, ಎರಡು ಮೂರು ಒಬ್ಬೆ ತೆಗೆದ ಮೇಲೆ ಎಲ್ಲಾ ಕಡೆ ಒಂದೇ ಬಣ್ಣ ಬರುತ್ತದೆ. ಮೊದಲು ಒಂದು ಕಾಫಿ ಹೇಳಿ. ಪಕ್ಕದ ಟೇಬಲಿಗೆ ಬಂದ ದೋಸೆಯ ಬಣ್ಣ ನೋಡಿಕೊಂಡು ಆಮೇಲೆ ಆರ್ಡರ್ ಕೊಡಿ.