ತಲೆ ಮುರಿದ ಗಿಟಾರು ಮತ್ತೆ ನುಡೀತದೇನು?

ಪ್ರಶ್ನೆ: ನಮ್ಮ ಕಾಕಾ ತೀರಿಕೊಂಡ ಮ್ಯಾಲೆ ಅವರ ಎಲೆಕ್ಟ್ರಿಕ್ ಗಿಟಾರ್ ನನಗ ಬಂತು, ಲೆಸ್ ಪಾಲ್ ನಮೂನಿದು. ಮೊನ್ನೆ ಗ್ವಾಡಿಗೆ ಆನಿಸಿ ಇಟ್ಟಿದ್ದೆ. ಮಗಳ ಕಾಲಿಗೆ ವಾಯರ್ ತೊಡರಿ ಬಿತ್ತು. ತಲಿ ಮುರದು ತಂತಿಗೆ ಜೋತಾಡಾಕತ್ತೈತಿ, ವಾಯರ್ ಸಿಕ್ಕಿಸೋ ಜ್ಯಾಕ್ ಒಳಗ ಹೊಕ್ಕೈತಿ. ಇದು ಮತ್ತ ನುಡೀತೈತೇನ್ರಿ, ಇಲ್ಲಾ ಗ್ವಾಡಿಗೆ ತೂಗಹಾಕೂದೊಂದ ಉಳೀತಾ? (ಹಳೇ ಹುಬ್ಬಳ್ಳಿಯ ಓದುಗರೊಬ್ಬರು)

ನುಡೀತೈತ್ರಿ. ಒಂದೇ ಷರತ್ತು: ನೀವು ಇನ್ನೂ ಅದಕ್ಕೆ ಅಂಟು ಹಚ್ಚಿರಬಾರದು.

ಕಾಲೇಜಿನ ದಿನಗಳಲ್ಲಿ ಗೆಳೆಯನ ಗಿಟಾರಿಗೆ ಹೀಗೇ ಆದಾಗ, ನಾನು ಜಾಣತನ ತೋರಿಸಲು ಹೋಗಿ ಅದೇ ರಾತ್ರಿ ಸೂಪರ್ ಗ್ಲೂ ಸುರಿದು ಜೋಡಿಸಿ ತಂತಿ ಬಿಗಿದೆ. ಮೂರನೇ ದಿನ ಟಪ್ಪಂತ ಬಿಟ್ಟಿತು. ಬಿಟ್ಟಿದ್ದು ದೊಡ್ಡದಲ್ಲ. ಮುರಿದ ಮೈಗೆಲ್ಲ ಗಾಜಿನಂಥ ಪದರ ಕೂತು, ಆಮೇಲೆ ಯಾವ ಅಂಟೂ ಕಟ್ಟಿಗೆಯ ನಾರಿಗೆ ಇಳಿಯದಂತಾಯಿತು. ಅದನ್ನು ಕೆರೆದು ತೆಗೆಯಲು ಕೂತ ಬಡಿಗೇರ ಅಜ್ಜನ ಬೈಗುಳ ಇನ್ನೂ ನೆನಪಿದೆ.

ಆದ್ದರಿಂದ ಮೊದಲು ತಂತಿ ಸಡಿಲಿಸಿ. ಶ್ರುತಿಯಲ್ಲಿರುವ ಆರೂ ತಂತಿಗಳ ಎಳೆತ ಕೂಡಿದರೆ ಸುಮಾರು 45 ಕೆಜಿ, ಅಂದರೆ ಒಂದು ಸಿಮೆಂಟ್ ಚೀಲಕ್ಕೆ ಐದೇ ಕೆಜಿ ಕಡಿಮೆ. ತಲೆ ಅರ್ಧ ಕಚ್ಚಿಕೊಂಡಿದ್ದರೆ ಈ ಎಳೆತ ಸೀಳನ್ನು ಇನ್ನೂ ಒಳಗೆ ಒಯ್ಯುತ್ತದೆ. ನೆಲದ ಮೇಲೆ ಬಿದ್ದ ಚಕ್ಕೆಗಳನ್ನು, ಎಳ್ಳಿನಷ್ಟು ಇದ್ದರೂ, ಆರಿಸಿ ಲಕೋಟೆಯಲ್ಲಿಡಿ. ‘ಕೂಡ್ತದೋ ಇಲ್ಲೋ’ ಎಂದು ಮತ್ತೆ ಮತ್ತೆ ಒತ್ತಿ ನೋಡಬೇಡಿ. ಒಂದೊಂದು ಸಲಕ್ಕೂ ಒಂದಿಷ್ಟು ನಾರು ಜಜ್ಜಿಹೋಗುತ್ತದೆ. ಮುರುಕಿನ ಒಳಗಡೆ ಬೆರಳೂ ಬೇಡ, ಕೈಯ ಜಿಡ್ಡು ಅಂಟಿಗೆ ಶತ್ರು.

ತಲೆ ಕತ್ತಿಗೆ ಕೂಡುವಲ್ಲೇ ಯಾಕೆ ಮುರಿಯುತ್ತದೆ? 1952ರಲ್ಲಿ ಬಂದ ಲೆಸ್ ಪಾಲ್ ಮಾದರಿಯಲ್ಲಿ ಕತ್ತು ಮಹಾಗನಿ ಕಟ್ಟಿಗೆಯದು, ತಲೆ 14ರಿಂದ 17 ಡಿಗ್ರಿ ಹಿಂದಕ್ಕೆ ಬಾಗಿರುತ್ತದೆ. ಒಂದೇ ಹಲಗೆಯಲ್ಲಿ ಈ ಬಾಗು ಕೊಯ್ದಾಗ, ಕತ್ತಿನಲ್ಲಿ ಉದ್ದಕ್ಕೆ ಓಡುವ ಕಟ್ಟಿಗೆಯ ಎಳೆ ತಲೆಗೆ ಬರುವಷ್ಟರಲ್ಲಿ ಓರೆಯಾಗಿ ತುಂಡಾಗುತ್ತದೆ. ಕೊಡಲಿಗೆ ಕಾವು ಹಾಕಿದವರಿಗೆ ಇದನ್ನು ಹೇಳಬೇಕಿಲ್ಲ. ಎಳೆ ಅಡ್ಡ ಬಂದ ಕಾವು ಎಷ್ಟು ದಪ್ಪ ಇದ್ದರೇನು, ನಾಲ್ಕು ಏಟಿಗೆ ಲಟಕ್ ಅನ್ನುತ್ತದೆ. ಸಾಲದ್ದಕ್ಕೆ, ಕತ್ತಿನೊಳಗಿನ ಕಬ್ಬಿಣದ ಸರಳನ್ನು, ಅಂದರೆ ಟ್ರಸ್ ರಾಡನ್ನು, ತಿರುಗಿಸುವ ನಟ್ಟಿಗಾಗಿ ಸರಿಯಾಗಿ ಅಲ್ಲೇ ಗುಳಿ ತೋಡಿರುತ್ತಾರೆ. ಬೀಳುವಾಗ ಮೈ ನೆಲಕ್ಕೆ ಬಡಿದು ನಿಂತರೂ ತಂತಿ ಬಿಗಿಯುವ ಆರು ಕಿವಿ ಹೊತ್ತ ತಲೆ ನಿಲ್ಲುವುದಿಲ್ಲ, ಮುಂದಕ್ಕೆ ಹೋಗುತ್ತದೆ. ಪೆಟ್ಟಿಗೆಯೊಳಗೆ ಇದ್ದೂ ಮುರಿದವುಗಳಿವೆ. ನೆಟ್ಟಗಿನ ತಲೆಯ ಸ್ಟ್ರಾಟೋಕ್ಯಾಸ್ಟರ್ ನಮೂನೆಗೆ ಈ ಕಷ್ಟ ಕಡಿಮೆ. ಮುರಿದರೂ ಸ್ಕ್ರೂ ಬಿಚ್ಚಿ ಬೇರೆ ಕತ್ತು ಕೂಡಿಸಬಹುದು.

ಇನ್ನು ಮುರುಕನ್ನು ಪಕ್ಕದಿಂದ ನೋಡಿ. ಎರಡು ಮೂರು ಇಂಚು ಉದ್ದಕ್ಕೆ ಓರೆಯಾಗಿ ಸೀಳಿದ್ದರೆ ನಿಮ್ಮ ದೈವ ಗಟ್ಟಿ. ಅಂಟಿಗೆ ಬೇಕಾದಷ್ಟು ಜಾಗವಿದೆ, ಮೊಳೆ ಸ್ಕ್ರೂ ಏನೂ ಬೇಕಿಲ್ಲ. ಕಬ್ಬು ಮುರಿದಂತೆ ಅಡ್ಡಕ್ಕೆ ತುಂಡಾಗಿದ್ದರೆ ಬರೀ ಅಂಟು ಸಾಲದು. ಹಿಂದಿನಿಂದ ಕಾಲುವೆ ತೋಡಿ ಗಟ್ಟಿ ಕಟ್ಟಿಗೆಯ ಎರಡು ಪಟ್ಟಿ ಕೂಡಿಸಬೇಕು. ಅದು ಮನೆಯಲ್ಲಿ ಆಗುವ ಕೆಲಸವಲ್ಲ.

ಓರೆ ಸೀಳಿಗೆ ಹಳದಿ ಬಣ್ಣದ ವುಡ್ ಗ್ಲೂ ಬೇಕು. ಟೈಟ್‌ಬಾಂಡ್ ಹೆಸರಿನದು ಆನ್‌ಲೈನಿನಲ್ಲಿ ಸಿಗುತ್ತದೆ. ಬಡಿಗೇರು ದಿನಾ ಬಳಸುವ ಬಿಳಿ ಅಂಟು ಕುರ್ಚಿ ಮೇಜಿಗೆ ಚೆಂದ. ಆದರೆ ಗಿಟಾರಿನ ಕತ್ತಿನಂತೆ ಹಗಲೂ ರಾತ್ರಿ ಎಳೆತವಿದ್ದಲ್ಲಿ ಅದು ಕೂದಲೆಳೆಯಷ್ಟು ಜಾರುತ್ತಾ ಹೋಗುವುದುಂಟು, ಶ್ರುತಿ ನಿಲ್ಲದು. ಟ್ರಸ್ ರಾಡಿನ ನಟ್ಟಿಗೆ ಮೇಣ ಸವರಿ. ಅಂಟು ಅಲ್ಲಿಗೆ ಹರಿದರೆ ಮುಂದೆ ಕತ್ತು ನೆಟ್ಟಗೆ ಮಾಡಲು ಬರುವುದಿಲ್ಲ. ಅಂಟಿಲ್ಲದೆ ಒಮ್ಮೆ ಕ್ಲಾಂಪ್ ಹಾಕಿ ನೋಡಿಕೊಳ್ಳಿ, ಒಮ್ಮೆ ಸಾಕು. ಆಮೇಲೆ ಎರಡೂ ಮೈಗೆ ಅಂಟು ಹಚ್ಚಿ, ಕ್ಲಾಂಪಿನ ಕೆಳಗೆ ಪ್ಲಾಸ್ಟಿಕ್ ಹಾಳೆ, ರಬ್ಬರ್, ಕಟ್ಟಿಗೆ ತುಂಡು ಇಟ್ಟು ಬಿಗಿಯಿರಿ. ಹೊರಗೆ ಉಕ್ಕಿದ ಅಂಟನ್ನು ಹಸಿ ಅರಿವೆಯಿಂದ ಒರೆಸಿ. 24 ತಾಸು ಮುಟ್ಟಬೇಡಿ. ಧಾರವಾಡದ ಕಡೆ ಜಿಟಿಜಿಟಿ ಮಳೆ ಹಿಡಿದಿದ್ದರೆ ಎರಡು ದಿನ ಬಿಡಿ. ಗದಗಿನ ಬಿಸಿಲಿನವರಿಗೆ ಒಂದು ದಿನ ಸಾಕಾದೀತು.

ಕೈ ನಡುಗುವುದಿದ್ದರೆ ಬೆಂಗಳೂರಿಗೆ ಪಾರ್ಸೆಲ್ ಮಾಡುವ ಮೊದಲು ತಂಬೂರಿ, ಸಿತಾರು ರಿಪೇರಿ ಮಾಡುವವರಲ್ಲಿ ಕೇಳಿ. ಇದು ನನ್ನ ಸ್ವಂತ ಅಭಿಪ್ರಾಯ, ಗಿಟಾರು ಗೆಳೆಯರು ನಗುತ್ತಾರೆ. ಧಾರವಾಡದ ಸಂಗೀತದ ಮನೆಗಳಿಗೂ ತಂತಿವಾದ್ಯ ಮಾಡುವ ಊರಾದ ಮಹಾರಾಷ್ಟ್ರದ ಮಿರಜಕ್ಕೂ ಹಳೆಯ ನಂಟು. ಅಲ್ಲಿನ ಸಿತಾರು, ತಂಬೂರಿಗೆ 2024ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಬಂದಿದೆ. ಒಡೆದ ಸೋರೆ ಬುರುಡೆಯನ್ನು ಗೆರೆ ಕಾಣದಂತೆ ಕೂಡಿಸುವ ಕೈಗೆ ಎಳೆತದಲ್ಲಿರುವ ಕಟ್ಟಿಗೆ ಹೊಸದಲ್ಲ. ಟ್ರಸ್ ರಾಡ್ ಮಾತ್ರ ಅವರ ವಾದ್ಯದಲ್ಲಿಲ್ಲ, ಅದನ್ನು ಮೊದಲೇ ತೋರಿಸಿಬಿಡಿ.

ಜ್ಯಾಕಿನದು ಸಣ್ಣ ಮಾತು. ಪ್ಲಾಸ್ಟಿಕ್ ಫಲಕ ಒಡೆದು ಒಳಗೆ ಬಿದ್ದಿರುತ್ತದೆ; ಲೋಹದ ಫಲಕ ಹಾಕಿ, ಕಿತ್ತ ಎರಡು ವಾಯರನ್ನು ಬೆಸೆದರೆ ಮುಗಿಯಿತು, ಟಿವಿ ರಿಪೇರಿಯವರೂ ಮಾಡಿಕೊಡುತ್ತಾರೆ. ಆಂಪ್ಲಿಫೈಯರಿಗೆ ಸಿಕ್ಕಿಸಿ, ತಂತಿಯ ಕಂಪನ ಹಿಡಿಯುವ ಪಿಕಪ್ ಮೇಲೆ ಸ್ಕ್ರೂಡ್ರೈವರಿನಿಂದ ಮೆಲ್ಲಗೆ ತಟ್ಟಿ. ‘ಟಕ್’ ಎಂದು ಕೇಳಿದರೆ ಒಳಗಿನ ಸುರುಳಿ ಜೀವಂತ. ಹಳೆಯ ಮನೆಯಾದರೆ ಮೂರು ಪಿನ್ ಸಾಕೆಟ್ಟಿನ ಅರ್ಥಿಂಗ್ ಕೂಡ ನೋಡಿಸಿ. ಗಿಟಾರಿನ ತಂತಿಗಳು ಆಂಪ್ಲಿಫೈಯರಿನ ಅರ್ಥಿಗೇ ಕೂಡಿರುತ್ತವೆ, ಅದು ಕೆಟ್ಟಿದ್ದರೆ ಶಾಕು ಕೈಗೇ ಬರುವುದು.

ಗೆರೆ ಕಾಣುತ್ತದೆ ಎಂದು ಫರ್ನಿಚರ್ ಪಾಲಿಶ್ ಅಂಗಡಿಗೆ ಒಯ್ಯಬೇಡಿ. ಅವರು ಥಿನ್ನರ್ ಹಚ್ಚಿ ಒರೆಸಿದರೆ ಹಳೆಯ ಪಾಲಿಶ್ ಕರಗಿ ಬರಬಹುದು, ಅದರ ಜೊತೆ ನಿಮ್ಮ ಕಾಕಾನ ಹೆಬ್ಬೆರಳು ಸವೆಸಿದ ಗುರುತೂ ಹೋಗುತ್ತದೆ. ಮಾರಲು ಹೋದರೆ ಮುರಿದು ಕೂಡಿಸಿದ ಗಿಟಾರಿಗೆ ಬೆಲೆ ಬಹಳ ಇಳಿಯುತ್ತದೆ ಎಂಬುದು ನಿಜ. ನೀವೇನು ಮಾರುವವರಲ್ಲವಲ್ಲ.

ತಂತಿ ಹಾಕುವಾಗ ಮೊದಲಿಗೆ ತೆಳುವಾದ 9ರ ಸೆಟ್ (ಅತಿ ಸಣ್ಣ ತಂತಿ 0.009 ಇಂಚು ದಪ್ಪ) ಹಾಕಿ, ಶ್ರುತಿಗಿಂತ ಕೆಳಗೇ ಬಿಟ್ಟು ಒಂದು ರಾತ್ರಿ ಕಾಯಿರಿ. ಬೆಳಗ್ಗೆ ಟಾರ್ಚ್ ಹಿಡಿದು ಅಂಟಿಸಿದ ಗೆರೆಯ ಮೇಲೆ ಉಗುರು ಎಳೆಯಿರಿ. ಉಗುರು ತಡೆಯದಿದ್ದರೆ ಪೂರ್ತಿ ಶ್ರುತಿಗೆ ಏರಿಸಬಹುದು. ಮತ್ತೆ ನುಡಿಸಿ ಎದ್ದಾಗ ವಾಯರ್ ಕಿತ್ತು ಸುತ್ತಿಡಿ, ಗಿಟಾರನ್ನು ಪೆಟ್ಟಿಗೆಯಲ್ಲಿ ಮಲಗಿಸಿ.